ಸಭೆಯಲ್ಲಿ ಸಾಧು, ಮನೆಯಲ್ಲಿ ಜಗಳ: ಸೇವೆಗೆಂದು ಒಪ್ಪಿಸಿದ ಮಕ್ಕಳನ್ನು ಬೆಳೆಸುವುದು ಹೇಗೆ?

ಪ್ರಶ್ನೆ: ಪ್ರಭುವಿನಲ್ಲಿ ವಂದನೆಗಳು. ನಾನು, ನಮ್ಮ ಯಜಮಾನರು ಇಬ್ಬರೂ ಸಭೆಯ ಕೆಲಸದಲ್ಲಿ ತೊಡಗಿಕೊಂಡವರು. 11 ವರ್ಷದ ಮಗ, 8 ವರ್ಷದ ಮಗಳು, 4 ವರ್ಷದ ಚಿಕ್ಕವನು ಇದ್ದಾರೆ. ದೊಡ್ಡವನು ಹುಟ್ಟುವ ಮೊದಲೇ, ಗಂಡು ಮಗುವಾದರೆ ದೇವರ ಸೇವೆಗೆ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದೆ. ಸಭೆಯವರು ಅವನನ್ನು ‘ಚಿಕ್ಕ ಪಾಸ್ಟರ್’ ಎಂದೇ ಕರೆಯುತ್ತಾರೆ. ಆರಾಧನೆಯಲ್ಲಿ ಮೂವರೂ ಕೈಕಟ್ಟಿ ಕೂರುತ್ತಾರೆ, ನೋಡಿದವರೆಲ್ಲ ಹೊಗಳುತ್ತಾರೆ. ಮನೆಗೆ ಬಂದರೆ ದೊಡ್ಡವನು ತಮ್ಮನಿಗೆ ಹೊಡೆಯುತ್ತಾನೆ, ನಮಗೆ ಎದುರು ಮಾತಾಡುತ್ತಾನೆ. ಹೋದ ತಿಂಗಳು ಸಂಡೇ ಸ್ಕೂಲಿನಲ್ಲಿ ಮಿಷನ್ ಕಾಣಿಕೆ ಹೆಚ್ಚು ತಂದವರ ಹೆಸರು ಓದಿದರು. ಇವನದೇ ಮೊದಲು. ಆಮೇಲೆ ನೋಡಿದರೆ ಅದು ಅವರಪ್ಪನ ಜೇಬಿನಿಂದ ತೆಗೆದ ಹಣ. ಕೇಳಿದಾಗ ಮೊದಲು ಇಲ್ಲವೇ ಇಲ್ಲ ಎಂದ, ಆಮೇಲೆ ‘ದೇವರಿಗೇ ತಾನೇ ಕೊಟ್ಟಿದ್ದು’ ಎಂದ. ಇವರು ಬೆತ್ತ ತೆಗೆದುಕೊಂಡರು. ಅಂದು ರಾತ್ರಿ ಅವನು ‘ನಾನು ಪಾಸ್ಟರ್ ಆಗಲ್ಲ’ ಅಂದುಬಿಟ್ಟ. ಇನ್ನು ಮಗಳು. ಇಲ್ಲದ ಮಕ್ಕಳಿಗೆಂದು ಸಭೆಯಲ್ಲಿ ಆಟಿಕೆ ಸಂಗ್ರಹಿಸಿದಾಗ ಅವಳ ಇಷ್ಟದ ಗೊಂಬೆಯನ್ನೇ ಕೊಡಿಸಿದೆ. ಎರಡು ವಾರದಿಂದ ಅದಕ್ಕಾಗಿ ಅಳುತ್ತಿದ್ದಾಳೆ, ಈಗ ತನ್ನ ಯಾವುದನ್ನೂ ಯಾರಿಗೂ ಮುಟ್ಟಗೊಡುವುದಿಲ್ಲ. ಒಬ್ಬರು ಇನ್ನೂ ಬಿಗಿ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಒಳ್ಳೆಯ ಕೆಲಸಕ್ಕೆಲ್ಲ ನಕ್ಷತ್ರ ಅಂಟಿಸುವ ಚಾರ್ಟ್ ಮಾಡಿ ಎನ್ನುತ್ತಾರೆ. ನಾವು ಎಲ್ಲಿ ತಪ್ಪಿದೆವು? ನನ್ನ ಹರಕೆಯ ಗತಿ ಏನು?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಮಕ್ಕಳ ನಡತೆ ಸಭೆಯಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ ಆಗಿದೆ. ಕೊಡುವುದನ್ನು ಕಲಿಸಲು ಹೋಗಿ ಒಬ್ಬ ಕದ್ದ, ಇನ್ನೊಬ್ಬಳು ಮುಷ್ಟಿ ಬಿಗಿ ಮಾಡಿಕೊಂಡಳು. ಇವೆರಡರ ಹಿಂದೆ 11 ವರ್ಷದಿಂದ ಆ ಹುಡುಗನ ಹೆಗಲ ಮೇಲಿರುವ ಹರಕೆ. ನನಗೆ ಕಾಣುವ ಮಟ್ಟಿಗೆ ಮೂರಕ್ಕೂ ಬೇರು ಒಂದೇ: ಮಕ್ಕಳು ತಾವೇ ಮಾಡಬೇಕಾದ ನಿರ್ಧಾರಗಳನ್ನೆಲ್ಲ ದೊಡ್ಡವರು ಅವರ ಪರವಾಗಿ ಮಾಡಿ ಮುಗಿಸಿದ್ದೀರಿ. ಕೂತದ್ದು, ಕೊಟ್ಟದ್ದು, ಸೇವೆಗೆ ಒಪ್ಪಿಕೊಂಡದ್ದು ಎಲ್ಲವೂ ಹೊರಗಿನಿಂದ ನಡೆದುಹೋಗಿದೆ. ಇದು ಸರಿಮಾಡಬಹುದಾದ ವಿಷಯ. ನಿಮ್ಮ ಮಕ್ಕಳು ಕೆಟ್ಟಿಲ್ಲ, ನಿಮ್ಮ ಪ್ರಾರ್ಥನೆ ವ್ಯರ್ಥವಾಗಿಯೂ ಇಲ್ಲ.

ಸುಮ್ಮನೆ ಕೂರುವ ಮಗು ಒಳ್ಳೆಯ ನಡತೆಯ ಮಗು ಎಂಬ ನಂಬಿಕೆ ಸಭೆಗಳಲ್ಲಿ ಬಹಳ ಗಟ್ಟಿ. ಮನೋವಿಜ್ಞಾನಿ ಗ್ರಾಜಿನಾ ಕೊಚಾನ್ಸ್ಕಾ 1990ರ ದಶಕದಲ್ಲಿ ಪುಟ್ಟ ಮಕ್ಕಳನ್ನು ಗಮನಿಸಿ ಎರಡು ಬಗೆಯ ವಿಧೇಯತೆಯನ್ನು ಗುರುತಿಸಿದರು. ಆಟಿಕೆ ಎತ್ತಿಡು ಎಂದಾಗ ಕೆಲವು ಮಕ್ಕಳು ಅದನ್ನು ತಮ್ಮದೇ ಕೆಲಸವೆಂಬಂತೆ ಮಾಡಿ ಮುಗಿಸುತ್ತವೆ. ಇನ್ನು ಕೆಲವು ಅಮ್ಮ ನೋಡುತ್ತಿರುವಷ್ಟು ಹೊತ್ತು, ಹೇಳುತ್ತಿರುವಷ್ಟು ಹೊತ್ತು ಮಾತ್ರ ಮಾಡುತ್ತವೆ. ಹೊರಗಿನಿಂದ ಎರಡೂ ಒಂದೇ ತರಹ ಕಂಡರೂ, ಯಾರೂ ಇಲ್ಲದಾಗ ನಿಯಮ ಪಾಲಿಸುವ ಗುಣ ಕೂಡಿಬರುವುದು ಮೊದಲನೆಯದರ ಜೊತೆಗೆ. ಆ ಮೊದಲನೆಯದು ಬೆಳೆಯುವುದು ತಂದೆತಾಯಿ ಮತ್ತು ಮಗುವಿನ ನಡುವೆ ಅಕ್ಕರೆ ಇರುವ ಕಡೆ, ಬಲಪ್ರಯೋಗ ಕಡಿಮೆ ಇರುವ ಕಡೆ. ನಿಮ್ಮ ದೊಡ್ಡವನ ಕೈಕಟ್ಟಿದ ಭಂಗಿ ಎರಡನೆಯ ಬಗೆಯದು. ನೂರು ಕಣ್ಣು ನೋಡುವ ಕಡೆ ಬಿಗಿಹಿಡಿದದ್ದು ಮನೆಯ ಬಾಗಿಲು ದಾಟಿದ ಕೂಡಲೇ ಸಡಿಲವಾಗುತ್ತದೆ. ಅದನ್ನು ಕಪಟ ಎಂದು ಕರೆಯಬೇಡಿ. ಮನೆ ಅವನಿಗೆ ಸುರಕ್ಷಿತ ಜಾಗ ಎಂಬುದೂ ಅದರಲ್ಲಿದೆ.

4 ವರ್ಷದವನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆ ವಯಸ್ಸಿಗೆ ಅಲುಗಾಡದೆ ಕೂರುವ ಶಕ್ತಿ 10–15 ನಿಮಿಷದ್ದು. ಮುಂದಿನ ಸಾಲಿನಲ್ಲಿ ಕೂರಿಸಿ, ಅಲ್ಲಿಂದ ಅವನಿಗೆ ಏನಾದರೂ ಕಾಣುತ್ತದೆ; ಹಿಂದಿನ ಸಾಲಿನಲ್ಲಿ ಕಾಣುವುದು ಬೆನ್ನುಗಳು ಮಾತ್ರ. ಹಾಡಿನ ಹೊತ್ತಿಗೆ ನಿಲ್ಲಲಿ. ಪ್ರಸಂಗದ ಹೊತ್ತಿಗೆ ಕಾಗದ, ಬಣ್ಣದ ಕಡ್ಡಿ ಕೊಡಿ. ತಡೆಯಲಾಗದಿದ್ದರೆ ಹೊರಗೆ ಕರೆದುಕೊಂಡು ಹೋಗಿ, ಐದು ನಿಮಿಷ ಬಿಟ್ಟು ವಾಪಸ್ ಬನ್ನಿ. ಹೊರಗೆ ಆಟ ಸಿಕ್ಕರೆ ಮುಂದಿನ ವಾರ ಎರಡನೇ ನಿಮಿಷಕ್ಕೇ ಹೊರಡುತ್ತಾನೆ. ಹೊರಗೆ ಪೆಟ್ಟು ಸಿಕ್ಕರೆ ದೇವರ ಮನೆಯೆಂದರೆ ಹೆದರುತ್ತಾನೆ. ಹೊರಗೆ ಸಿಗಬೇಕಾದದ್ದು ಬರೀ ಗಾಳಿ.

ಬೆತ್ತದ ಬಗ್ಗೆ

‘ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು’ ಎಂಬ ಬೈಬಲಿನ ಜ್ಞಾನೋಕ್ತಿಯ ಮಾತು ನಿಮ್ಮ ಯಜಮಾನರ ಮನಸ್ಸಿನಲ್ಲಿದೆ ಎಂದುಕೊಳ್ಳುತ್ತೇನೆ. ತಿದ್ದಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಯಾಜಕನಾದ ಏಲಿ ತನ್ನ ಮಕ್ಕಳನ್ನು ತಡೆಯಲಿಲ್ಲ ಎಂಬುದೇ ಅವನ ಮೇಲಿದ್ದ ಆರೋಪ (1 ಸಮುವೇಲ 3:13). ಅರಸ ದಾವೀದನು ತನ್ನ ಮಗ ಅದೋನೀಯನನ್ನು ‘ಹೀಗೇಕೆ ಮಾಡಿದೆ’ ಎಂದು ಒಮ್ಮೆಯೂ ಕೇಳಿ ನೋಯಿಸಿರಲಿಲ್ಲ (1 ಅರಸುಗಳು 1:6). ಆದರೆ ಅದೇ ಗ್ರಂಥ ತಂದೆಗಳಿಗೆ ಮಕ್ಕಳನ್ನು ಕೆಣಕಿ ಕೋಪ ಎಬ್ಬಿಸಬೇಡಿ, ಅವರು ಮನಗುಂದಿ ಹೋದಾರು ಎಂದೂ ಹೇಳುತ್ತದೆ (ಎಫೆಸ 6:4, ಕೊಲೊಸ್ಸೆ 3:21). ಹಾಗಾಗಿ ಕೇಳಬೇಕಾದ ಪ್ರಶ್ನೆ, ಪೆಟ್ಟು ನಿಜಕ್ಕೂ ತಿದ್ದುತ್ತದೆಯೇ ಎಂದು. ಸಂಶೋಧಕರಾದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೊಡೆತಕ್ಕೂ ಒಳ್ಳೆಯ ನಡತೆಗೂ ನಂಟು ಸಿಗಲಿಲ್ಲ. ಆಕ್ರಮಣಶೀಲತೆ, ಹಠ, ತಂದೆತಾಯಿಯೊಂದಿಗಿನ ಬಿರುಕು ಇವುಗಳ ಜೊತೆಗೆ ನಂಟು ಸಿಕ್ಕಿತು. ತಮ್ಮನಿಗೆ ಹೊಡೆಯುವ ಹುಡುಗನಿಗೆ, ದೊಡ್ಡವನು ಚಿಕ್ಕವನಿಗೆ ಹೊಡೆಯಬಹುದು ಎಂದು ನಾವೇ ತೋರಿಸಿಕೊಡುವುದು ಬೇಡ. ಸುಳ್ಳಿನ ವಿಷಯವೂ ಇದೆ. ಪೆಟ್ಟಿನ ಭಯವಿರುವ ಮಗು ಸುಳ್ಳನ್ನು ಬಿಡುವುದಿಲ್ಲ, ಇನ್ನಷ್ಟು ಚೆನ್ನಾಗಿ ಹೇಳುವುದನ್ನು ಕಲಿಯುತ್ತದೆ.

ಬೆತ್ತ ಬಿಟ್ಟರೆ ಉಳಿಯುವುದು ಸಡಿಲತನ ಎಂದುಕೊಳ್ಳಬೇಡಿ. ಬೆತ್ತಕ್ಕಿಂತ ಹೆಚ್ಚು ಶ್ರಮ ಬೇಡುವ ಕ್ರಮ ಇದೆ. ಮನೆಗೆ ಮೂರು ನಾಲ್ಕು ನಿಯಮ ಸಾಕು: ಯಾರ ಮೈಗೂ ನೋವು ಮಾಡುವಂತಿಲ್ಲ, ಕೇಳದೆ ಇನ್ನೊಬ್ಬರ ವಸ್ತು ತೆಗೆಯುವಂತಿಲ್ಲ, ನಿಜ ಹೇಳಬೇಕು, ಹೇಳಿದ ಕೆಲಸ ಮುಗಿಸಬೇಕು. ಹತ್ತು ಹದಿನೈದು ಮಾಡಿದರೆ ನಿಮಗೇ ನೆನಪಿರುವುದಿಲ್ಲ, ಜಾರಿಗೆ ತರುವುದು ಎಲ್ಲಿಂದ ಬಂತು?

ಕೆಲಸ ಹೇಳುವಾಗ ಅಡುಗೆಮನೆಯಿಂದ ಕೂಗಬೇಡಿ. ಕೈಗೆ ಸಿಗುವಷ್ಟು ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಕಣ್ಣು ಕೂಡಿದ ಮೇಲೆ ಒಂದೇ ಮಾತಿನಲ್ಲಿ ಹೇಳಿ. ‘ಪುಸ್ತಕ ಎತ್ತಿಡ್ತೀಯಾ?’ ಎಂದರೆ ಇಲ್ಲ ಎನ್ನಲು ಅವಕಾಶ ಕೊಟ್ಟಂತೆ. ‘ಪುಸ್ತಕ ಎತ್ತಿಡು’ ಎನ್ನಿ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಸುಮ್ಮನಿರಿ. ಬಹಳಷ್ಟು ತಂದೆತಾಯಿಗಳು ಇಲ್ಲೇ ಸೋಲುತ್ತಾರೆ: ಮಗು ಏಳಲು ಹೊರಟಿರುತ್ತದೆ, ಅಷ್ಟರಲ್ಲಿ ಎರಡನೇ ಕೂಗು ಬಂದಿರುತ್ತದೆ. ಆಗಲೂ ಏಳದಿದ್ದರೆ ಎರಡನೇ ಸಲ, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಸೇರಿಸಿ ಹೇಳಿ. ಮೂರನೇ ಸಲ ಮಾತಿಲ್ಲ, ಹೇಳಿದ್ದನ್ನು ಮಾಡುವುದಷ್ಟೇ. ‘ಇನ್ಮೇಲೆ ನಿನಗೆ ಆಟವೇ ಇಲ್ಲ’ ಎಂಬಂಥ, ನಾಳೆಗೇ ಮುರಿಯುವ ಬೆದರಿಕೆ ಹಾಕುವುದಕ್ಕಿಂತ ಅರ್ಧ ಗಂಟೆಯ ಆಟ ನಿಜವಾಗಿ ಕಡಿತವಾಗುವುದು ಹೆಚ್ಚು ಕೆಲಸ ಮಾಡುತ್ತದೆ. 4 ವರ್ಷದವನಿಗೆ ಒಂದು ಸಲಕ್ಕೆ ಒಂದೇ ಕೆಲಸ, 8ರವಳಿಗೆ ಎರಡು ಮೂರು ಸೇರಿಸಿ ಹೇಳಬಹುದು.

ದೊಡ್ಡವನು ತಮ್ಮನಿಗೆ ಹೊಡೆದಾಗ ಮೊದಲು ಪೆಟ್ಟು ತಿಂದವನ ಬಳಿ ಹೋಗಿ. ಗಮನವೆಲ್ಲ ಹೊಡೆದವನ ಕಡೆಗೇ ಹರಿದರೆ, ಬೈಗುಳವಾದರೂ ಸರಿ, ಅವನಿಗೆ ಬೇಕಾದದ್ದು ಸಿಕ್ಕಂತಾಯಿತು. ಅವನು ಬೇರೆ ಕಡೆ ಕೂತು ಉಸಿರು ಸಮಕ್ಕೆ ಬಂದ ಮೇಲೆ ತಮ್ಮನಿಗೆ ಒದ್ದೆ ಬಟ್ಟೆ ತಂದುಕೊಡಲಿ, ಬಿದ್ದದ್ದನ್ನು ಎತ್ತಿ ಜೋಡಿಸಲಿ. ಒತ್ತಾಯಕ್ಕೆ ಹೇಳಿಸಿದ ‘ಸಾರಿ’ಗೆ ಬೆಲೆಯಿಲ್ಲ, ಸರಿಮಾಡುವ ಕೈಕೆಲಸ ಮೊದಲು ಆಗಲಿ, ಮಾತು ಆಮೇಲೆ ತಾನಾಗಿ ಬರುತ್ತದೆ.

ಇನ್ನೊಂದು ಮಾತು, ವಿಶ್ವಾಸಿಗಳ ಮನೆಗಳಿಗೇ ವಿಶೇಷವಾಗಿ ಹೇಳಬೇಕಾದದ್ದು. ಕುಟುಂಬ ಪ್ರಾರ್ಥನೆಯಲ್ಲಿ ‘ಕರ್ತನೇ, ಇವನ ಹಟಮಾರಿ ಹೃದಯ ಮೆದುಮಾಡು’ ಎಂದು ಅವನ ಎದುರಿಗೇ ಗಟ್ಟಿಯಾಗಿ ಬೇಡಬೇಡಿ. ಅದು ದೇವರ ಕಡೆ ತಿರುಗಿ ಮಗನಿಗೆ ಬೈಯುವುದು, ಮಕ್ಕಳಿಗೆ ಅದು ಕೂಡಲೇ ತಿಳಿಯುತ್ತದೆ. ‘ಹೀಗೆ ಮಾಡಿದರೆ ಯೇಸು ಸ್ವಾಮಿ ನಿನ್ನ ಜೊತೆ ಮಾತಾಡಲ್ಲ’ ಎಂಬುದಂತೂ ಸುಳ್ಳು ಬೋಧನೆ. ಅವನಿಗಾಗಿ ಬೇಡುವುದನ್ನು ಅವನು ಮಲಗಿದ ಮೇಲೆ ಬೇಡಿ; ಅವನೆದುರು ಅವನಿಗಾಗಿ ಕೃತಜ್ಞತೆ ಸಲ್ಲಿಸಿ.

ಜೇಬಿನಿಂದ ಹೋದ ಹಣ

‘ದೇವರಿಗೇ ತಾನೇ ಕೊಟ್ಟಿದ್ದು’ ಎಂಬ ಅವನ ಮಾತು ನಿಮಗೆ ಉದ್ಧಟತನ ಅನ್ನಿಸಿರಬಹುದು. ನನಗೆ ಅದು ಅವನು ನಿಜಕ್ಕೂ ನಂಬಿದ ತರ್ಕದಂತೆ ಕೇಳಿಸುತ್ತದೆ. ಎಷ್ಟು ತಂದರು ಎಂದು ಹೆಸರು ಓದುವ ಕಡೆ, ಎಲ್ಲಿಂದ ತಂದರು ಎಂದು ಯಾರೂ ಕೇಳಲಿಲ್ಲ. ‘ಚಿಕ್ಕ ಪಾಸ್ಟರ್’ ಎನ್ನಿಸಿಕೊಂಡವನು ಎರಡನೆಯವನಾಗಿ ಬರುವಂತೆಯೂ ಇರಲಿಲ್ಲ. ತಪ್ಪು ಅವನದೇ, ಆದರೆ ಹೊಂಡ ತೋಡಿದವರು ದೊಡ್ಡವರು. ಸಂಡೇ ಸ್ಕೂಲಿನ ಶಿಕ್ಷಕರನ್ನು ಒಬ್ಬರೇ ಇರುವಾಗ ಕಂಡು, ಹೆಸರು ಓದುವುದನ್ನು ನಿಲ್ಲಿಸಿ, ಎಲ್ಲರೂ ಮುಚ್ಚಿದ ಒಂದೇ ಡಬ್ಬಿಗೆ ಹಾಕಿ ಒಟ್ಟು ಮೊತ್ತ ಮಾತ್ರ ಹೇಳುವಂತೆ ಕೇಳಿಕೊಳ್ಳಿ. ಎಡಗೈಗೆ ತಿಳಿಯದಂತೆ ಕೊಡಬೇಕೆಂಬ ಮಾತನ್ನು (ಮತ್ತಾಯ 6:3) ಬಾಯಿಪಾಠ ಮಾಡಿಸುವ ತರಗತಿಯಲ್ಲೇ ಈ ಪಟ್ಟಿ ಓದುವುದು ಮಕ್ಕಳನ್ನು ಗೊಂದಲಕ್ಕೆ ಕೆಡವುತ್ತದೆ.

ಅವನ ಜೊತೆ ಮಾತಾಡುವಾಗ, ಗೊತ್ತಿರುವುದನ್ನು ಗೊತ್ತಿಲ್ಲದವರಂತೆ ಕೇಳಬೇಡಿ. ‘ನನ್ನ ಜೇಬಿಂದ ತಗೊಂಡ್ಯಾ?’ ಎನ್ನುವುದು ಸುಳ್ಳಿಗೆ ಬಾಗಿಲು ತೆರೆದಿಟ್ಟಂತೆ. ‘ನೀನು ತಗೊಂಡಿದ್ದು ಗೊತ್ತಾಗಿದೆ. ಅದನ್ನ ಹೇಗೆ ತೀರಿಸೋದು ಅಂತ ಈಗ ಕೂತು ಲೆಕ್ಕ ಹಾಕೋಣ’ ಎಂದು ಅವರಪ್ಪನೇ ಹೇಳಲಿ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿ ಆರಂಭಿಸಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ ಸುಸಾನಾ ವೆಸ್ಲಿ ಮನೆಯಲ್ಲಿ ಒಂದು ನಿಯಮ ಇಟ್ಟಿದ್ದರು. ತಪ್ಪನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು ತಿದ್ದಿಕೊಳ್ಳುತ್ತೇನೆಂದ ಮಗುವಿಗೆ ಪೆಟ್ಟಿಲ್ಲ. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ, ಆಮೇಲೆ ಅದನ್ನೆತ್ತಿ ಹಂಗಿಸುವಂತೆಯೂ ಇಲ್ಲ. 1732ರಲ್ಲಿ ಜಾನ್‌ಗೆ ಬರೆದ ಪತ್ರದಲ್ಲಿ, ಪೆಟ್ಟಿನ ಭಯವೇ ಮಕ್ಕಳನ್ನು ಸುಳ್ಳಿಗೆ ನೂಕುತ್ತದೆ ಎಂಬ ಕಾರಣವನ್ನೂ ಅವರು ಕೊಟ್ಟಿದ್ದಾರೆ. ಆ ಕಾಲದ ಬಿಗಿಯೆಲ್ಲ ನಮಗೆ ಬೇಕಾಗಿಲ್ಲ. ಅವರು ಪೆಟ್ಟನ್ನೂ ಬಳಸುತ್ತಿದ್ದರು. ಈ ನಿಯಮ ಮಾತ್ರ ಇವತ್ತಿಗೂ ಚಿನ್ನ.

ತೀರಿಸುವ ಕ್ರಮ ಹೀಗಿರಲಿ. ಸಭೆಗೆ ಹೋದ ಹಣವನ್ನು ವಾಪಸ್ ಕೇಳಬೇಡಿ. ಅವನ ವಾರದ ಕೈಖರ್ಚಿನ ಹಣದಲ್ಲಿ ಅರ್ಧ ಅಪ್ಪನಿಗೆ ಹೋಗಲಿ, ನಾಲ್ಕರಿಂದ ಆರು ವಾರದಲ್ಲಿ ತೀರುವಂತೆ ಲೆಕ್ಕ ಹಾಕಿ. ಮೊತ್ತ ದೊಡ್ಡದಿದ್ದರೆ ಉಳಿದದ್ದನ್ನು ದಿನದ ಕೆಲಸಕ್ಕೆ ಹೊರತಾದ ಕೆಲಸವಾಗಿ ಕೊಡಿ. ಪೂರ್ತಿ ಹಣ ಹಿಡಿದುಕೊಳ್ಳಬೇಡಿ: ಕೈಯಲ್ಲಿ ಬಿಡಿಗಾಸೂ ಇಲ್ಲದ ಹುಡುಗನ ಕಣ್ಣು ಮತ್ತೆ ಜೇಬಿನ ಕಡೆಗೇ ಹೋಗುತ್ತದೆ. ಯಾಜಕಕಾಂಡ 6:5 ತೆಗೆದದ್ದನ್ನು ಐದನೇ ಒಂದು ಪಾಲು ಸೇರಿಸಿ ಹಿಂದಿರುಗಿಸಲು ಹೇಳುತ್ತದೆ. ಅವನಿಗೆ ಅದನ್ನು ತೆರೆದು ತೋರಿಸಿ, ಆ ಐದನೇ ಪಾಲನ್ನು ಏನಾಗಿ ಕೊಡುತ್ತೀಯ ಎಂದು ಅವನನ್ನೇ ಕೇಳಿ. 11 ವರ್ಷದ ಮಕ್ಕಳು ನ್ಯಾಯದ ಲೆಕ್ಕವನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕೊನೆಯ ಕಂತು ಕೊಟ್ಟ ದಿನ ಲೆಕ್ಕದ ಚೀಟಿ ಹರಿದುಹಾಕಿ. ಆಮೇಲೆ ಅದರ ಮಾತು ಎತ್ತಬೇಡಿ, ತಮಾಷೆಗೂ.

ಕೊಡುವುದನ್ನು ಕಲಿಸುವುದು

ಮಗಳ ಗೊಂಬೆಯ ವಿಷಯದಲ್ಲಿ ನಿಮ್ಮ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕೊಟ್ಟವರು ನೀವು, ಕಳೆದುಕೊಂಡವಳು ಅವಳು. ತನ್ನದು ಎಂಬುದು ಗಟ್ಟಿಯಾಗಿದ್ದಾಗಲೇ ಮಗುವಿನ ಕೈ ಸಡಿಲವಾಗುತ್ತದೆ. ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು ಎನ್ನಿಸಿದರೆ ಎಲ್ಲವನ್ನೂ ಅವಚಿಕೊಳ್ಳುತ್ತದೆ. ಈಗ ಅವಳು ಮಾಡುತ್ತಿರುವುದು ಅದನ್ನೇ. ಸುಸಾನಾ ವೆಸ್ಲಿಯ ಮನೆಯಲ್ಲಿ ಇನ್ನೊಂದು ನಿಯಮವಿತ್ತು: ಒಡೆಯರ ಒಪ್ಪಿಗೆಯಿಲ್ಲದೆ ಗುಂಡುಸೂಜಿಯಷ್ಟು ಸಣ್ಣದನ್ನೂ ಯಾರೂ ಯಾರದ್ದನ್ನೂ ಮುಟ್ಟುವಂತಿಲ್ಲ. ಕಾಣಿಕೆಯ ಬಗ್ಗೆ ಅಪೊಸ್ತಲ ಪೌಲನ ಮಾತೂ ಅದೇ ಕಡೆಗಿದೆ, ಪ್ರತಿಯೊಬ್ಬರೂ ತಮ್ಮ ಹೃದಯದಲ್ಲಿ ನಿಶ್ಚಯಿಸಿಕೊಂಡಷ್ಟು, ಬಲಾತ್ಕಾರದಿಂದಲ್ಲ (2 ಕೊರಿಂಥ 9:7).

ಅವಳ ಬಳಿ ಹೋಗಿ ‘ಅದು ನಿನ್ನ ಗೊಂಬೆ, ನಿನ್ನನ್ನ ಕೇಳದೆ ನಾನು ತೀರ್ಮಾನ ಮಾಡಬಾರದಿತ್ತು’ ಎಂದು ನೇರವಾಗಿ ಹೇಳಿ. ಅದೇ ಗೊಂಬೆಯನ್ನು ಹುಡುಕಿ ತರಲು ಹೋಗಬೇಡಿ, ಇನ್ನೊಂದು ಮಗು ಈಗ ಅದನ್ನು ತನ್ನದೆಂದುಕೊಂಡಿದೆ. ಕೂಡಲೇ ಹೊಸದನ್ನು ಕೊಡಿಸುವುದೂ ಬೇಡ, ಅತ್ತರೆ ಸಿಗುತ್ತದೆ ಎಂದಾಗುತ್ತದೆ. ಆ ದುಃಖಕ್ಕೆ ಸ್ವಲ್ಪ ದಿನ ಜಾಗ ಕೊಡಿ. ಇನ್ನು ಮುಂದೆ ಮೂರೂ ಮಕ್ಕಳಿಗೆ ಹಂಚಿಕೊಳ್ಳಬೇಕಿಲ್ಲದ ಎರಡು ಮೂರು ವಸ್ತುಗಳಿರಲಿ. ಬೇರೆ ಮಕ್ಕಳು ಮನೆಗೆ ಬರುವ ಮೊದಲೇ ಅವನ್ನು ಎತ್ತಿಟ್ಟುಬಿಡಿ. ಉಳಿದದ್ದರ ಮೇಲೆ ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಮಕ್ಕಳು ಹುಟ್ಟಾ ಸ್ವಾರ್ಥಿಗಳು ಎಂಬ ಮಾತು ಪೂರ್ತಿ ನಿಜವಲ್ಲ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ತೋರಿಸಿದಂತೆ, 18 ತಿಂಗಳ ಮಗುವೂ ದೊಡ್ಡವರ ಕೈಯಿಂದ ಜಾರಿದ ವಸ್ತುವನ್ನು ಯಾರೂ ಹೇಳದೆಯೇ ಎತ್ತಿಕೊಡುತ್ತದೆ. ಅವರೇ 2008ರಲ್ಲಿ ಇನ್ನೊಂದನ್ನು ನೋಡಿದರು: ಸಹಾಯ ಮಾಡಿದ್ದಕ್ಕೆ ಆಟಿಕೆಯ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ, ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ನಕ್ಷತ್ರದ ಚಾರ್ಟಿನ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಹಾಸಿಗೆ ಮಡಚುವುದು, ಹಲ್ಲುಜ್ಜುವುದು ರೂಢಿಯಾಗಲು ಎರಡು ಮೂರು ವಾರ ಚಾರ್ಟ್ ಹಾಕಿ ತೆಗೆದುಬಿಡಿ, ತೊಂದರೆಯಿಲ್ಲ. ಪ್ರಾರ್ಥನೆಗೆ, ಕಾಣಿಕೆಗೆ, ದಯೆಗೆ ಖಂಡಿತ ಬೇಡ. ಕೊಟ್ಟದ್ದಕ್ಕೆ ಕೂಲಿ ಸಿಕ್ಕರೆ ಅದು ವ್ಯಾಪಾರವಾಯಿತು.

ಸಭೆಗಳಲ್ಲಿ ಪ್ರತಿ ಭಾನುವಾರ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾಣಿಕೆಯ ಚೀಲ ಸಾಲಿನ ತುದಿಗೆ ಬರುತ್ತದೆ. ಅಮ್ಮ ಅವಸರದಲ್ಲಿ ಪರ್ಸಿನ ಜಿಪ್ ಎಳೆದು ನಾಣ್ಯವೊಂದನ್ನು ಮಗುವಿನ ಅಂಗೈಗೆ ಒತ್ತುತ್ತಾರೆ. ಮಗು ಅದನ್ನು ಚೀಲದೊಳಗೆ ಬಿಡುತ್ತದೆ, ಟಣ್ ಎನ್ನುತ್ತದೆ, ಅಕ್ಕಪಕ್ಕದವರು ನಗುತ್ತಾರೆ. ಅಂಗೈಯಲ್ಲಿ ಆ ನಾಣ್ಯ ಇದ್ದದ್ದು ಮೂರು ಸೆಕೆಂಡು. ಮಗು ಕಲಿತದ್ದು ಸಾಗಿಸುವುದನ್ನು.

ಬದಲಿಗೆ, ಐದಾರು ವರ್ಷದಿಂದಲೇ ವಾರಕ್ಕೊಮ್ಮೆ ಗೊತ್ತಾದ ದಿನ ಸಣ್ಣ ಮೊತ್ತ ಕೈಗೆ ಕೊಡಿ. ಹತ್ತು ಸಮನಾದ ನಾಣ್ಯಗಳಾಗಿಯೇ ಕೊಡಿ. ಒಂದೇ ನೋಟು ಕೊಟ್ಟರೆ ಪಾಲು ಮಾಡುವುದು ಹೇಗೆಂದೇ ತಿಳಿಯುವುದಿಲ್ಲ. ಒಳಗಿರುವುದು ಕಾಣುವಂಥ ಮೂರು ಡಬ್ಬಿ ಇರಲಿ: ಕೊಡಲಿಕ್ಕೆ, ಕೂಡಿಡಲಿಕ್ಕೆ, ಖರ್ಚಿಗೆ. ದಶಮಾಂಶವೆಂದು ಒಂದು ನಾಣ್ಯ ಮೊದಲ ಡಬ್ಬಿಗೆ ಹೋಗುವುದು ಮನೆಯ ರೂಢಿಯಾಗಲಿ, ಅದಕ್ಕೆ ಮೇಲೆ ಹಾಕುವುದು ಅವರಿಗೇ ಬಿಟ್ಟದ್ದು. ಖರ್ಚಿನ ಡಬ್ಬಿಯನ್ನು ನಿಜವಾಗಿ ಅವರಿಗೇ ಬಿಡಿ, ಬೇಡದ್ದನ್ನು ಕೊಂಡು ಪೇಚಾಡಲಿ. ಮನೆಕೆಲಸಕ್ಕೆ ಕೂಲಿಯಾಗಿ ಈ ಹಣ ಕೊಡಬೇಡಿ. ತಟ್ಟೆ ತೊಳೆಯುವುದು ಮನೆಯವರಾಗಿರುವುದರ ಪಾಲು. ಕೊಡುವ ಡಬ್ಬಿ ತುಂಬಿದಾಗ ಯಾರಿಗೆ ಎಂಬುದನ್ನು ಮಗುವೇ ಹೇಳಲಿ. ನೀವು ಎರಡು ಮೂರು ನಿಜವಾದ ಅಗತ್ಯಗಳನ್ನು ಮುಂದಿಡಬಹುದು, ಸಾಧ್ಯವಾದರೆ ಕರೆದುಕೊಂಡು ಹೋಗಿ ತೋರಿಸಿ.

ವಸ್ತು ಕೊಡುವಾಗ ಎರಡು ಕಟ್ಟಳೆ ಇಟ್ಟುಕೊಳ್ಳಿ. ಮುರಿದದ್ದು, ನಾವೇ ಬಳಸದಷ್ಟು ಹಾಳಾದದ್ದು ಕೊಡುವ ಪೆಟ್ಟಿಗೆಗೆ ಹೋಗಬಾರದು. ಇಷ್ಟದ ವಸ್ತುವನ್ನು ಮಗು ತಾನಾಗಿ ಕೊಡುತ್ತೇನೆಂದರೂ ಒಂದು ರಾತ್ರಿ ಕಳೆಯಲಿ, ಬೆಳಿಗ್ಗೆಯೂ ಅದೇ ಮಾತಿದ್ದರೆ ಕೊಡಲಿ. ಹುಮ್ಮಸ್ಸಿನಲ್ಲಿ ಕೊಟ್ಟು ಆಮೇಲೆ ಮರುಗುವುದು ಈ ವಯಸ್ಸಿನಲ್ಲಿ ಸಹಜ, ಅದನ್ನು ಅವಿಶ್ವಾಸವೆಂದು ಎಣಿಸಬೇಡಿ. ಮೂರರಿಂದ ಎಂಟು ವರ್ಷದ ಮಕ್ಕಳ ಮೇಲಿನ 2013ರ ಒಂದು ಅಧ್ಯಯನದಲ್ಲಿ, ಸಮಪಾಲು ಮಾಡಬೇಕೆಂದು ಮೂರು ವರ್ಷದವರಿಗೂ ಗೊತ್ತಿತ್ತು. ಹೇಳಿದಂತೆ ಮಾಡುವುದು ಏಳೆಂಟರ ಹೊತ್ತಿಗೆ ಬಂತು. ಗೊತ್ತಿರುವುದಕ್ಕೂ ಕೈಯಿಂದ ಬಿಡುವುದಕ್ಕೂ ನಡುವೆ ವರ್ಷಗಳ ದಾರಿಯಿದೆ.

ನೀವು ಕೊಡುವುದು ಮಕ್ಕಳ ಕಣ್ಣಿಗೆ ಬೀಳಲಿ. ಊರಿಗೆ ಸಾರಬಾರದು ಎಂದರೆ ಮನೆಮಕ್ಕಳಿಂದಲೂ ಮುಚ್ಚಿಡಬೇಕು ಎಂದರ್ಥವಲ್ಲ. ತಿಂಗಳಿಗೊಮ್ಮೆ, ಈ ಸಲ ಯಾರಿಗೆ, ಎಷ್ಟು, ಅದಕ್ಕಾಗಿ ನಾವು ಏನನ್ನು ಬಿಡುತ್ತೇವೆ ಎಂಬ ಮಾತನ್ನು ಗಂಡಹೆಂಡತಿ ಅವರ ಎದುರಿಗೇ ಆಡಿ.

ಇಲ್ಲೊಂದು ಎಚ್ಚರ. ಬಿಡುವುದೆಲ್ಲ ಮಕ್ಕಳ ಪಾಲಿನಿಂದಲೇ ಹೋಗದಿರಲಿ. ಸಲಹೆಗೆ ಬರುವ ಸಭಾಸೇವಕರ ಕುಟುಂಬಗಳಲ್ಲಿ ಪದೇ ಪದೇ ಕಾಣುವ ಚಿತ್ರ ಇದು: ಅತಿಥಿ ಬಂದರೆ ಮಕ್ಕಳ ಹಾಸಿಗೆ ಹೋಗುತ್ತದೆ, ಯಾರಿಗೋ ತುರ್ತು ಎಂದರೆ ಮಕ್ಕಳ ಹುಟ್ಟುಹಬ್ಬ ಹೋಗುತ್ತದೆ, ಅಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ, ತಮ್ಮ ಮನೆಯಲ್ಲಿ ಬಿಟ್ಟು. ಆ ಮಕ್ಕಳಿಗೆ ಸೇವೆ ಎಂದರೆ ಅಪ್ಪನನ್ನು ಕಿತ್ತುಕೊಂಡ ಶಕ್ತಿ. 1970ರ ದಶಕದ ಆರಂಭದಿಂದ ಅಮೆರಿಕದ ಕುಟುಂಬಗಳನ್ನು ತಲೆಮಾರುಗಳ ಉದ್ದಕ್ಕೂ ಹಿಂಬಾಲಿಸಿದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ ಅವರ ತಂಡ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ನಂಬಿಕೆ ಮಕ್ಕಳಿಗೆ ಇಳಿಯುವುದು ತಂದೆತಾಯಿಯ ಆತ್ಮೀಯತೆ ಇದ್ದ ಕಡೆ ಹೆಚ್ಚು, ಅದರಲ್ಲೂ ತಂದೆಯದು. ಸುಸಾನಾ ವೆಸ್ಲಿ ಅಷ್ಟೊಂದು ಮಕ್ಕಳ ನಡುವೆಯೂ ವಾರಕ್ಕೊಂದು ಸಂಜೆ ಒಂದೊಂದು ಮಗುವಿಗೆಂದು ಇಟ್ಟಿದ್ದರು, ಜಾನ್‌ನದು ಗುರುವಾರ. ನಿಮ್ಮ ಯಜಮಾನರು ದೊಡ್ಡವನಿಗೆ ವಾರಕ್ಕೆ ಅರ್ಧ ಗಂಟೆ ಕೊಡಲಿ, ಉಪದೇಶವಿಲ್ಲದ ಅರ್ಧ ಗಂಟೆ. ಫೋನ್ ಬಂದರೂ ಎತ್ತಬಾರದು.

ಸೇವೆ, ಹರಕೆ, ಕರೆ

ಮಕ್ಕಳ ಸೇವೆಯನ್ನು ವೇದಿಕೆಯಿಂದ ಶುರುಮಾಡಬೇಡಿ. ಚಿಕ್ಕವನು ಹಾಡಿನ ಪುಸ್ತಕ ಹಂಚಲಿ, ಮಗಳು ನಿಮ್ಮ ಜೊತೆ ಹಾಸಿಗೆ ಹಿಡಿದ ಹಿರಿಯರ ಮನೆಗೆ ಬಂದು ಒಂದು ಕೀರ್ತನೆ ಓದಲಿ. ಇಪ್ಪತ್ತು ನಿಮಿಷ ಸಾಕು, ಮಗು ದಣಿಯುವ ಮೊದಲು ಎದ್ದುಬನ್ನಿ. ದೊಡ್ಡವನಿಗೆ ಅವನಿಲ್ಲದಿದ್ದರೆ ನಿಂತುಹೋಗುವಂಥ ಕೆಲಸ ಕೊಡಿ: ಕುರ್ಚಿ ಜೋಡಿಸುವುದೋ ಮೈಕು ನೋಡಿಕೊಳ್ಳುವುದೋ. ಮೂರು ತಿಂಗಳ ಗಡುವಿರಲಿ, ಮುಗಿದ ಮೇಲೆ ಮುಂದುವರಿಸುವುದು ಬಿಡುವುದು ಅವನಿಗೆ ಸೇರಿದ್ದು.

ಮಕ್ಕಳ ಸುರಕ್ಷತೆಯನ್ನು ಇದೇ ಉಸಿರಿನಲ್ಲಿ ಹೇಳಬೇಕು. ವಿಧೇಯತೆ, ತ್ಯಾಗ ಎರಡನ್ನೇ ಕಲಿತು ‘ಬೇಡ’ ಎನ್ನುವುದನ್ನು ಕಲಿಯದ ಮಗು ಕೆಟ್ಟವರ ಕೈಗೆ ಸುಲಭವಾಗಿ ಸಿಗುತ್ತದೆ. ಎಂಥ ದೊಡ್ಡ ಸೇವಕರೇ ಆಗಲಿ, ಮಗು ಒಬ್ಬರ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಇಬ್ಬರು ದೊಡ್ಡವರಿರಬೇಕು ಅಥವಾ ಬಾಗಿಲು ತೆರೆದಿರಬೇಕು. ಅಮ್ಮನಿಗೆ ಹೇಳಬೇಡ ಎಂದವರ ಮಾತನ್ನು ಅಂದೇ ಅಮ್ಮನಿಗೆ ಹೇಳಬೇಕು. ಇಷ್ಟವಿಲ್ಲದ ಅಪ್ಪುಗೆಯನ್ನು ಯಾರಿಗೂ ಕೊಡಬೇಕಿಲ್ಲ. ಇದು ಅವಿಧೇಯತೆಯಲ್ಲ ಎಂದು ಮೂವರಿಗೂ ಬಿಡಿಸಿ ಹೇಳಿ.

ಈಗ ಹರಕೆ. ಬೈಬಲಿನ ಹನ್ನಳು ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ದೇವರ ಸೇವೆಗೆ ಒಪ್ಪಿಸಿದಳು ನಿಜ. ಆದರೆ ರಾತ್ರಿ ದೇವರು ಹೆಸರು ಹಿಡಿದು ಕರೆದಾಗ ಓಗೊಟ್ಟವನು ಸಮುವೇಲನೇ, ತಾಯಿ ಅಲ್ಲಿರಲಿಲ್ಲ. ಹತ್ತಿರವಿದ್ದ ಏಲಿಯೂ ಕರೆ ಯಾರದೆಂದು ತಿಳಿದ ಮೇಲೆ ‘ಹೋಗಿ ಮಲಗಿಕೋ, ಕೇಳುತ್ತಿದ್ದೇನೆ ಎನ್ನು’ ಎಂದು ಹೇಳಿಕೊಟ್ಟನೇ ಹೊರತು ಅವನ ಬದಲಿಗೆ ಉತ್ತರ ಕೊಡಲಿಲ್ಲ (1 ಸಮುವೇಲ 3). ಅದೇ ಸಮುವೇಲನ ಮಕ್ಕಳು ಲಂಚಕ್ಕೆ ಕೈಯೊಡ್ಡಿದರು (1 ಸಮುವೇಲ 8:3). ತಂದೆತಾಯಿ ಸರಿಯಾಗಿದ್ದರೆ ಮಕ್ಕಳು ತಪ್ಪದೆ ಸೇವೆಗೆ ಬರುತ್ತಾರೆ ಎಂಬ ಕರಾರು ಬೈಬಲಿನಲ್ಲಿಲ್ಲ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಹರಕೆಯನ್ನು ನೆನಪಿಸುತ್ತಲೇ ಇರಬಹುದು. ಆಗ ಕೆಲವು ಮಕ್ಕಳು ಕರೆಯಿಲ್ಲದೆ ಪೀಠ ಹತ್ತುತ್ತಾರೆ, ಕೆಲವರು ಮನೆಯನ್ನೂ ಸಭೆಯನ್ನೂ ಒಟ್ಟಿಗೇ ಬಿಟ್ಟು ಹೋಗುತ್ತಾರೆ. ಮಾತೇ ಎತ್ತದೆ ಸುಮ್ಮನಿರಬಹುದು. ಆದರೆ ಅವನಿಗೆ ಎಲ್ಲ ಗೊತ್ತಿದೆ, ನಿಮ್ಮ ಮೌನವನ್ನು ನಿರಾಶೆ ಎಂದು ಓದಿಕೊಳ್ಳುತ್ತಾನೆ. ಮೂರನೆಯದು, ಬಾಯಿಬಿಟ್ಟು ಬಿಡುಗಡೆ ಮಾಡುವುದು. ನಾನು ಹೇಳುವುದು ಇದನ್ನೇ. ‘ನೀನು ಹುಟ್ಟೋ ಮೊದಲೇ ನಿನ್ನನ್ನ ದೇವರ ಕೈಗೆ ಒಪ್ಪಿಸಿದೆ. ಅದು ನನ್ನ ಮಾತು. ನಿನ್ನಿಂದ ಏನು ಮಾಡಿಸ್ಕೋಬೇಕು ಅನ್ನೋದು ಆತನಿಗೆ ಬಿಟ್ಟದ್ದು, ಆತನಿಗೆ ಏನು ಹೇಳ್ಬೇಕು ಅನ್ನೋದು ನಿನಗೆ ಬಿಟ್ಟದ್ದು. ನೀನು ಏನಾದರೂ ನಾವು ನಿನ್ನವರೇ.’ ಇದರಲ್ಲಿಯೂ ಅಪಾಯವಿದೆ. ಅವನು ಎಂದೂ ಪಾಸ್ಟರ್ ಆಗದೇ ಇರಬಹುದು, ಅದನ್ನು ನೀವು ಒಪ್ಪಿಕೊಳ್ಳಬೇಕಾಗುತ್ತದೆ. ದೇವರಾತ್ಮಭರಿತನಾದ ಬೆಚಲೇಲ ಕುಶಲಕರ್ಮಿ, ಲೂಕ ವೈದ್ಯ, ದೊರ್ಕಳು ಬಟ್ಟೆ ಹೊಲಿಯುತ್ತಿದ್ದವಳು. ಸೇವೆಯ ವಿಸ್ತಾರ ಅಷ್ಟಿದೆ. ಪಂಫುಲ್ಯದ ಪೆರ್ಗೆಯಲ್ಲಿ ಸೇವೆ ಬಿಟ್ಟು ಮನೆಗೆ ಹೊರಟ ಮಾರ್ಕನನ್ನೇ ಪೌಲನು ಕೊನೆಗಾಲದಲ್ಲಿ ಉಪಯುಕ್ತನೆಂದು ಕರೆತರಲು ಹೇಳಿದ (2 ತಿಮೊಥೆ 4:11). ಹರಕೆ ಮುರಿಯಿತೇ ಎಂಬ ಭಾರ ನಿಮ್ಮ ಮನಸ್ಸಿನಲ್ಲಿ ಉಳಿದಿದ್ದರೆ, ಅದನ್ನು ಮಗನ ಮುಂದೆ ಇಡದೆ ನಂಬಿಕಸ್ಥರಾದ ಸಭಾಪಾಲಕರ ಬಳಿ ಹೇಳಿಕೊಳ್ಳಿ. ‘ಚಿಕ್ಕ ಪಾಸ್ಟರ್’ ಎಂದು ಕರೆಯುವವರಿಗೆ, ಅವನ ಹೆಸರು ಹಿಡಿದು ಕರೆಯಿರಿ ಎಂದು ನೀವೇ ಹೇಳಿ. ಇದು ಈ ವಾರವೇ ಆಗಬೇಕಾದ ಕೆಲಸ.

ಬದಲಾವಣೆ ಶುರುವಾದ ಮೊದಲ ಎರಡು ಮೂರು ವಾರ ಮನೆ ಇನ್ನಷ್ಟು ಗದ್ದಲವಾಗಬಹುದು. ಬೆತ್ತ ನಿಜವಾಗಿ ಹೋಯಿತೇ, ನಿಯಮ ನಿಜವಾಗಿ ಇದೆಯೇ ಎಂದು ದೊಡ್ಡವನು ಪರೀಕ್ಷೆ ಮಾಡುತ್ತಾನೆ. ಬಹಳ ಕುಟುಂಬಗಳು ಅಲ್ಲಿಗೇ ಕೈಬಿಟ್ಟು ಹಳೆಯದಕ್ಕೆ ಮರಳುತ್ತವೆ. ಮೂರು ತಿಂಗಳು ಹಿಡಿದು ನಡೆಸಿ, ಆಮೇಲೆ ಅಳೆಯಿರಿ. ಅಷ್ಟಾದರೂ ಕದಿಯುವುದು, ಸುಳ್ಳು ಮುಂದುವರಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ನಿದ್ದೆ ಊಟ ಕೆಟ್ಟರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ. ಹಾಗೆ ಕಾಣುವುದು ನಂಬಿಕೆಯ ಕೊರತೆಯಲ್ಲ. ಒಬ್ಬ ನಿರ್ದಿಷ್ಟ ದೊಡ್ಡವರನ್ನು ಕಂಡರೆ ಮೂವರಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಹೆದರತೊಡಗಿದರೆ ಮಾತ್ರ ಮೂರು ತಿಂಗಳು ಕಾಯಬೇಡಿ. ಅಂದೇ ಮಗುವಿನ ಮಾತು ಕೇಳಿ, ಕೇಳಿದ್ದನ್ನು ನಂಬಿ, ಆ ವ್ಯಕ್ತಿಯಿಂದ ದೂರ ಇಡಿ.